ಯಾಜಕಕಾಂಡದಲ್ಲಿ ಸಿಕ್ಕಿಹಾಕಿಕೊಂಡವರಿಗೆ: ಮೈಲಿಗೆ, ಶುದ್ಧಿ, ಬಲಿ ಬಿಡಿಸಿಕೊಳ್ಳುವ ದಾರಿ

ಬೈಬಲ್ ಪೂರ್ತಿ ಓದಬೇಕು ಅಂತ ಹೊರಟವರಲ್ಲಿ ಎಷ್ಟೋ ಜನ ಒಂದೇ ಜಾಗದಲ್ಲಿ ನಿಲ್ಲುತ್ತಾರೆ. ಆದಿಕಾಂಡ ಕಥೆಯ ಹಾಗೆ ಓಡುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ಸೀಳುವ ತನಕ ತೊಂದರೆಯಿಲ್ಲ. ಆಮೇಲೆ ಯಾಜಕಕಾಂಡ ಬರುತ್ತದೆ. ಕೊಬ್ಬು, ಮೂತ್ರಪಿಂಡ, ರಕ್ತ, ಹಿಟ್ಟು, ಚರ್ಮದ ಮಚ್ಚೆ, ಗೋಡೆಯ ಬೂಷ್ಟು. ಪುಸ್ತಕ ಮುಚ್ಚಿಬಿಡುತ್ತಾರೆ.

ನನಗೆ ಬರುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಮಗು ಹೆತ್ತ ತಾಯಿ ಏನು ಪಾಪ ಮಾಡಿದಳು ಅಂತ ಬಲಿ ಕೊಡಬೇಕು? ದೇವರಿಗೆ ರಕ್ತ ಯಾಕೆ ಬೇಕು? ಪ್ರಾಣಿ ಮನುಷ್ಯನ ಬದಲಿಗೆ ಶಿಕ್ಷೆ ಅನುಭವಿಸುತ್ತದೆ ಅಂತಾನಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಒಟ್ಟಿಗೆ ಒಂದೇ ಕಡೆ ಬರೆಯುತ್ತಿದ್ದೇನೆ. ಇದು ನಂಬಿಕೆಯ ಪಾಠ ಅಲ್ಲ. ನೀವು ಕ್ರೈಸ್ತರಾಗಿರಿ, ಆಗದಿರಿ, ಹಳೆಯ ಇಸ್ರಾಯೇಲಿನವರು ತಮ್ಮ ಪೂಜೆಯಲ್ಲಿ ಏನು ಮಾಡುತ್ತಿದ್ದೇವೆ ಅಂದುಕೊಂಡಿದ್ದರು ಅನ್ನುವುದನ್ನು ಅವರದೇ ಪಠ್ಯದಿಂದ ತಿಳಿಯುವ ದಾರಿ, ಅಷ್ಟೇ.

ಏನೇನು ಬೇಕು?

ಒಂದು ಕನ್ನಡ ಬೈಬಲ್. ಎರಡು ಬೇರೆ ಬೇರೆ ಅನುವಾದ ಇದ್ದರೆ ಇನ್ನೂ ಒಳ್ಳೆಯದು. ಒಂದು ನೋಟ್‌ಬುಕ್, ಪೆನ್ಸಿಲ್. ಮೂರು ನಾಲ್ಕು ಸಂಜೆಗಳ ಬಿಡುವು. ಒಂದೇ ಕೂತಿಗೆ ಮುಗಿಸಲು ಹೋಗಬೇಡಿ, ತಲೆ ಕೆಡುತ್ತದೆ.

ಜೊತೆಗೆ ಐದಾರು ಹೀಬ್ರೂ ಪದ ಕಲಿಯಬೇಕು. ಯಾಕೆಂದರೆ ಬಲಿಗಳ ಹೆಸರನ್ನು ಒಂದೊಂದು ಕನ್ನಡ ಅನುವಾದ ಒಂದೊಂದು ಥರ ಇಟ್ಟಿದೆ. ಒಬ್ಬರು ಒಂದು ಬೈಬಲ್ ಹಿಡಿದು, ಇನ್ನೊಬ್ಬರು ಇನ್ನೊಂದು ಹಿಡಿದು ವಾದ ಮಾಡಿದರೆ ಇಬ್ಬರೂ ಬೇರೆ ಬೇರೆ ಬಲಿಯ ಬಗ್ಗೆ ಮಾತಾಡುತ್ತಿರುತ್ತಾರೆ. ಹೀಬ್ರೂ ಹೆಸರನ್ನು ಅಂಚಿನಲ್ಲಿ ಬರೆದಿಟ್ಟುಕೊಂಡರೆ ಆ ಗೋಜಲೇ ಇರಲ್ಲ.

ಹಂತ 1: ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ

ಹೌದು, ನಿಜವಾಗಿಯೂ. ಒಂದರಿಂದ ಏಳನೇ ಅಧ್ಯಾಯದವರೆಗೆ ಇರುವುದು ಬಲಿಗಳ ಕೈಪಿಡಿ. ಬಲಿ ಯಾಕೆ ಅನ್ನುವುದು ಓದುಗರಿಗೆ ಮೊದಲೇ ಗೊತ್ತು ಅಂತಲೇ ಅದನ್ನು ಬರೆದಿದ್ದಾರೆ. ನಮಗೆ ಗೊತ್ತಿಲ್ಲ. ಹಾಗಾಗಿ 10ನೇ ಅಧ್ಯಾಯದ 10ನೇ ವಚನ ತೆರೆಯಿರಿ. ಯಾಜಕರ (ಅಂದರೆ ಆರೋನನ ವಂಶದ ಪುರೋಹಿತರ) ಕೆಲಸ ಏನು ಅಂತ ಅಲ್ಲಿ ಒಂದೇ ಸಾಲಿನಲ್ಲಿದೆ: ಪವಿತ್ರ ಯಾವುದು ಸಾಧಾರಣ ಯಾವುದು, ಶುದ್ಧ ಯಾವುದು ಅಶುದ್ಧ ಯಾವುದು ಅಂತ ಬೇರೆ ಮಾಡುವುದು.

ಇವು ಎರಡು ಜೋಡಿ, ಒಂದೇ ಅಲ್ಲ. ಮೊದಲ ಜೋಡಿ ಕೋದೆಶ್ ಮತ್ತು ಖೋಲ್. ಕೋದೆಶ್ ಅಂದರೆ ದೇವರಿಗೆ ಸೇರಿದ್ದು, ಖೋಲ್ ಅಂದರೆ ದಿನಬಳಕೆಯದು. ಎರಡನೇ ಜೋಡಿ ತಾಹೋರ್ ಮತ್ತು ತಾಮೇ, ಅಂದರೆ ಶುದ್ಧ ಮತ್ತು ಅಶುದ್ಧ. ನಿಮ್ಮ ಅಡುಗೆಮನೆಯ ಪಾತ್ರೆ ಸಾಧಾರಣವೂ ಹೌದು, ಶುದ್ಧವೂ ಹೌದು. ಹೊಲದಲ್ಲಿ ದುಡಿಯುವವನು ಸಾಧಾರಣ ಮನುಷ್ಯ, ಹಾಗಂತ ಅಶುದ್ಧ ಅಲ್ಲ. ತಪ್ಪಿಸಬೇಕಾದದ್ದು ಒಂದೇ ಒಂದು ಭೇಟಿ: ಅಶುದ್ಧವಾದದ್ದು ಪವಿತ್ರವಾದದ್ದನ್ನು ಮುಟ್ಟಬಾರದು. 15ನೇ ಅಧ್ಯಾಯದ 31ನೇ ವಚನ ಇದನ್ನೇ ಹೇಳುತ್ತದೆ. ಇಸ್ರಾಯೇಲಿನವರು ತಮ್ಮ ನಡುವೆ ಇರುವ ದೇವರ ಗುಡಾರವನ್ನು (ಅಂದರೆ ಡೇರೆಯ ರೂಪದ ದೇವಾಲಯವನ್ನು) ಅಶುದ್ಧ ಮಾಡಿ ಸಾಯಬಾರದು. ಆ ವಚನಕ್ಕೆ ದಪ್ಪಗೆ ಗೆರೆ ಎಳೆಯಿರಿ, ಮುಂದೆ ಮತ್ತೆ ಬೇಕಾಗುತ್ತದೆ.

ಹಂತ 2: 11ರಿಂದ 15ನೇ ಅಧ್ಯಾಯ ಓದಿ, ಪಟ್ಟಿ ಮಾಡಿ

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ. ಅಶುದ್ಧಿ ಯಾವುದರಿಂದ ಬಂತು, ಎಷ್ಟು ದಿನ, ಹೋಗಲಿಕ್ಕೆ ಏನು ಮಾಡಬೇಕು. ಅರಣ್ಯಕಾಂಡದ 19ನೇ ಅಧ್ಯಾಯವನ್ನೂ ಸೇರಿಸಿಕೊಳ್ಳಿ, ಹೆಣದ ಮೈಲಿಗೆ ಅಲ್ಲಿದೆ.

ಪಟ್ಟಿ ಹೀಗೆ ಬರುತ್ತದೆ. ಸತ್ತ ಪ್ರಾಣಿ ಮುಟ್ಟಿದರೆ ಸಾಯಂಕಾಲದವರೆಗೆ. ವೀರ್ಯ ಸ್ರವಿಸಿದರೆ ಸ್ನಾನ, ಸಾಯಂಕಾಲದವರೆಗೆ. ಮುಟ್ಟಾದರೆ 7 ದಿನ. ಹೆಣ ಮುಟ್ಟಿದರೆ 7 ದಿನ, ಮೂರನೇ ಮತ್ತು ಏಳನೇ ದಿನ ಬೂದಿ ಬೆರೆಸಿದ ನೀರಿನ ಚಿಮುಕಿಸುವಿಕೆ. ಗಂಡು ಮಗು ಹೆತ್ತರೆ 7 ದಿನ, ಮೇಲೆ 33 ದಿನ. ಹೆಣ್ಣು ಮಗುವಾದರೆ 14, ಮೇಲೆ 66. (ಹೆಣ್ಣಿಗೆ ಯಾಕೆ ಎರಡರಷ್ಟು? ಪಠ್ಯ ಕಾರಣ ಕೊಡುವುದಿಲ್ಲ. ಜನ ಕೊಡುವ ಕಾರಣಗಳೆಲ್ಲ ಊಹೆ, ನನಗಂತೂ ಒಂದೂ ಒಪ್ಪಿಗೆಯಾಗಿಲ್ಲ.)

ಪಟ್ಟಿ ಮುಂದೆ ಇಟ್ಟುಕೊಂಡು ನೋಡಿ. ಅಶುದ್ಧರಾದದ್ದಕ್ಕೇ ಅಂತ ಎಲ್ಲಾದರೂ ಶಿಕ್ಷೆ ಇದೆಯಾ? ಬೈಗುಳ ಇದೆಯಾ? ಇಲ್ಲ. ಸ್ನಾನ ಮಾಡು, ಬಟ್ಟೆ ಒಗೆ, ಕಾಯಿ. ದೀರ್ಘವಾದದ್ದಾದರೆ ಕೊನೆಗೆ ಬಲಿ ತಾ. ಇದರಲ್ಲಿ ಅರ್ಧಕ್ಕರ್ಧ ತಪ್ಪಿಸಿಕೊಳ್ಳಲು ಆಗದ್ದು. ಅಷ್ಟೇ ಅಲ್ಲ, ಕೆಲವು ಮಾಡಲೇಬೇಕಾದದ್ದು. ಮಕ್ಕಳಾಗಲಿ ಅನ್ನುವುದು ಆದಿಕಾಂಡದ ಮೊದಲ ಅಧ್ಯಾಯದ ಆಶೀರ್ವಾದ. ಸತ್ತ ತಂದೆತಾಯಿಯನ್ನು ಮಣ್ಣುಮಾಡುವುದು ಮಕ್ಕಳ ಕರ್ತವ್ಯ, ಸಾಮಾನ್ಯ ಯಾಜಕನೂ ಹತ್ತಿರದ ಸಂಬಂಧಿಕರ ಹೆಣಕ್ಕಾಗಿ ಅಶುದ್ಧನಾಗಬಹುದು ಅಂತ ಯಾಜಕಕಾಂಡದ 21ನೇ ಅಧ್ಯಾಯ ಹೇಳುತ್ತದೆ. ಮಹಾಯಾಜಕನಿಗೆ ಮಾತ್ರ ಆ ಅವಕಾಶ ಇಲ್ಲ.

ಇಲ್ಲಿ ಜನ ಎಡವುವ ಜಾಗಗಳು ಮೂರು.

ಮೊದಲನೆಯದು, "ಇದೆಲ್ಲ ಆ ಕಾಲದ ಆರೋಗ್ಯ ನಿಯಮ" ಅನ್ನುವ ವಿವರಣೆ. ಕೇಳಲು ಚೆನ್ನಾಗಿದೆ, ಪಠ್ಯಕ್ಕೆ ಹೊಂದುವುದಿಲ್ಲ. 13ನೇ ಅಧ್ಯಾಯದ 12–13 ನೋಡಿ: ಚರ್ಮದ ಬಿಳುಪು ಮೈಯೆಲ್ಲ ತುಂಬಿಬಿಟ್ಟರೆ ಅವನು ಶುದ್ಧ! 14ನೇ ಅಧ್ಯಾಯದ 36 ನೋಡಿ: ಗೋಡೆಗೆ ಮಚ್ಚೆ ಬಂದ ಮನೆಯನ್ನು ಪರೀಕ್ಷೆ ಮಾಡಲು ಯಾಜಕ ಬರುವ ಮೊದಲು ಸಾಮಾನೆಲ್ಲ ಹೊರಗೆ ಹಾಕಬೇಕು, ಇಲ್ಲದಿದ್ದರೆ ಅವನು ಘೋಷಿಸಿದ ಕೂಡಲೇ ಒಳಗಿರುವುದೆಲ್ಲ ಅಶುದ್ಧ. ಸೋಂಕಿನ ಭಯ ಇದ್ದಿದ್ದರೆ ಹೀಗೆ ಹೇಳುತ್ತಿದ್ದರಾ? ಕ್ರಿಮಿ ಯಾಜಕನ ಮಾತಿಗೆ ಕಾಯುತ್ತದೆಯೇ?

ಎರಡನೆಯದು, "ಕುಷ್ಠ" ಅನ್ನುವ ಪದ. ಹೀಬ್ರೂವಿನಲ್ಲಿ ಅದು ತ್ಸಾರಾತ್. ಬಟ್ಟೆಗೂ ಬರುತ್ತದೆ, ಗೋಡೆಗೂ ಬರುತ್ತದೆ. ಇಂದು ನಾವು ಕುಷ್ಠರೋಗ ಅನ್ನುವ ಕಾಯಿಲೆಗೂ ಅದಕ್ಕೂ ಹೊಂದಿಕೆಯಿಲ್ಲ. ಈ ಒಂದು ಅನುವಾದದಿಂದ ಕುಷ್ಠರೋಗಿಗಳು ಪಟ್ಟ ಪಾಡು ಸಾಕು. ಓದುವಾಗ "ಮಚ್ಚೆ, ಬೂಷ್ಟು" ಅಂದುಕೊಳ್ಳಿ.

ಮೂರನೆಯದು ನಮ್ಮವರು ಮಾತ್ರ ಎಡವುವ ಜಾಗ. ಮಡಿ-ಮೈಲಿಗೆ, ಪುರುಡು, ಸೂತಕ ನೋಡಿ ಬೆಳೆದ ನಮಗೆ ಈ ಅಧ್ಯಾಯಗಳು ಯುರೋಪಿನ ಓದುಗನಿಗಿಂತ ಬೇಗ ಅರ್ಥವಾಗುತ್ತವೆ. ಹೆತ್ತ ಮನೆ, ಸತ್ತ ಮನೆ, ಎಣಿಸಿದ ದಿನಗಳು, ಸ್ನಾನ, ಇದೆಲ್ಲ ಹೊಸದಲ್ಲ. ಮೈಲಿಗೆ ಆದವರು ಪಾಪಿಗಳಲ್ಲ ಅನ್ನುವುದೂ ನಮಗೆ ಹೇಳಿಕೊಡಬೇಕಿಲ್ಲ. ಇಷ್ಟು ಸಹಾಯ ತಗೊಳ್ಳಿ. ಆದರೆ ಜಾತಿಯನ್ನು ಅದರೊಳಗೆ ಎಳೆದು ತರಬೇಡಿ. ಯಾಜಕಕಾಂಡದಲ್ಲಿ ಹುಟ್ಟಿನಿಂದ ಅಶುದ್ಧವಾದ ಮನೆತನ, ಕಸುಬು, ಕೇರಿ ಯಾವುದೂ ಇಲ್ಲ. ಆರೋನನ ಮಗನಿಗೂ ಕುರಿ ಕಾಯುವವನಿಗೂ ಒಂದೇ ಲೆಕ್ಕ. ಅಶುದ್ಧನಾದ ಯಾಜಕನೇ ಪವಿತ್ರ ಊಟ ಮುಟ್ಟುವಂತಿಲ್ಲ ಅಂತ 22ನೇ ಅಧ್ಯಾಯದಲ್ಲಿದೆ. ಹಾಗಂತ ಎಲ್ಲರೂ ಸಮ ಅಂತ ಹೊಗಳಲೂ ಹೋಗಬೇಡಿ. ಯಾಜಕತನ ವಂಶದಿಂದಲೇ ಬರುವುದು, ಅಂಗವಿಕಲನಾದ ಯಾಜಕ ಬಲಿ ಅರ್ಪಿಸುವಂತಿಲ್ಲ.

ಇವೇ ಯಾಕೆ ಅಶುದ್ಧ ಅಂತ ಕೇಳಿದರೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಹೇಳಿದ್ದು: ಕೊಳಕು ಅಂದರೆ ಇರಬೇಕಾದ ಜಾಗ ಬಿಟ್ಟು ಬೇರೆ ಕಡೆ ಇರುವ ವಸ್ತು. ಆಕೆಯೇ ಮುಂದೆ ತನ್ನ ವಾದವನ್ನು ತಿದ್ದಿಕೊಂಡರು. ಜೇಕಬ್ ಮಿಲ್‌ಗ್ರೋಮ್ ಎಂಬ ಯಹೂದಿ ವಿದ್ವಾಂಸರು ಹೇಳುವುದು: ಹೆಣ, ರಕ್ತ, ವೀರ್ಯ, ಕೊಳೆತಂತೆ ಕಾಣುವ ಚರ್ಮ, ಎಲ್ಲವೂ ಸಾವಿನ ನೆರಳು, ಜೀವದ ದೇವರ ಮನೆಯೊಳಗೆ ಸಾವು ಕಾಲಿಡಬಾರದು. ನನಗೆ ಇದು ಜಾಸ್ತಿ ಹಿಡಿಸುತ್ತದೆ.

ಹಂತ 3: ಅಶುದ್ಧಿ ಬೇರೆ, ಪಾಪ ಬೇರೆ. ಎರಡು ಬಣ್ಣದ ಗುರುತು ಹಾಕಿ

ಈಗ 18 ಮತ್ತು 20ನೇ ಅಧ್ಯಾಯ ಓದಿ. ಅಲ್ಲೂ "ಅಶುದ್ಧ" ಅನ್ನುವ ಪದವೇ ಬರುತ್ತದೆ, ಆದರೆ ಧಾಟಿ ಬೇರೆ. ನಿಷಿದ್ಧ ಲೈಂಗಿಕ ಸಂಬಂಧ, ಮಕ್ಕಳನ್ನು ಮೋಲೆಕ ಎಂಬ ಅನ್ಯದೇವತೆಗೆ ಕೊಡುವುದು. ಅರಣ್ಯಕಾಂಡ 35ರಲ್ಲಿ ಕೊಲೆ. ಇದು ಮುಟ್ಟಿದರೆ ಅಂಟುವಂಥದ್ದಲ್ಲ, ಸ್ನಾನದಿಂದ ಹೋಗುವಂಥದ್ದೂ ಅಲ್ಲ. ನೆಲವೇ ಹೊಲಸಾಗುತ್ತದೆ, ಕೊನೆಗೆ ನೆಲ ಜನರನ್ನು ಕಾರಿಕೊಳ್ಳುತ್ತದೆ ಅನ್ನುತ್ತದೆ ಪಠ್ಯ. ಒಂದೇ ಪದ, ಎರಡು ವಿಷಯ. ಒಂದಕ್ಕೆ ನೀಲಿ, ಇನ್ನೊಂದಕ್ಕೆ ಕೆಂಪು ಗುರುತು ಹಾಕಿ. ಇವೆರಡನ್ನೂ ಕಲಸಿಕೊಂಡವರೇ ಮುಟ್ಟಾದ ಹೆಂಗಸನ್ನು ಪಾಪಿ ಮಾಡಿದ್ದು.

ಹಂತ 4: ಈಗ 1ರಿಂದ 7. ಐದು ಅರ್ಪಣೆ

ಎಲ್ಲಕ್ಕೂ ಸೇರಿದ ಹೆಸರು ಕೊರ್ಬಾನ್. "ಹತ್ತಿರ ಬರು" ಅನ್ನುವ ಧಾತುವಿನಿಂದ ಬಂದದ್ದು, ಹತ್ತಿರ ತಂದದ್ದು ಅಂತ ಅರ್ಥ. ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ ಕೇಳಿ: ರಕ್ತ ಎಲ್ಲಿಗೆ ಹೋಯಿತು? ಊಟ ಯಾರಿಗೆ?

ಓಲಾ, ಹಳೆಯ ಕನ್ನಡ ಬೈಬಲಿನ ಸರ್ವಾಂಗಹೋಮ. ಪೂರ್ತಿ ಸುಡುವುದು, ಯಾರೂ ತಿನ್ನುವುದಿಲ್ಲ, ಚರ್ಮ ಮಾತ್ರ ಯಾಜಕನಿಗೆ. ಹೋರಿಯಿಂದ ಪಾರಿವಾಳದವರೆಗೆ ಅವರವರ ಕೈಲಾದದ್ದು.

ಮಿನ್ಖಾ, ಧಾನ್ಯನೈವೇದ್ಯ. ಹಿಟ್ಟು, ಎಣ್ಣೆ, ಸಾಂಬ್ರಾಣಿಯಂಥ ಧೂಪದ ಅಂಟು. ಒಂದು ಹಿಡಿ ಬೆಂಕಿಗೆ, ಉಳಿದದ್ದು ಯಾಜಕರಿಗೆ. ವೇದಿಯ ಮೇಲೆ ಹುಳಿಹಿಟ್ಟು, ಜೇನು ಇಡುವಂತಿಲ್ಲ, ಉಪ್ಪು ಬಿಡುವಂತಿಲ್ಲ. ಇದರಲ್ಲಿ ರಕ್ತವೇ ಇಲ್ಲ ಅನ್ನುವುದನ್ನು ಗಮನಿಸಿ. ಅರ್ಪಣೆ ಅಂದರೆ ಕೊಲ್ಲುವುದೇ ಅಂದುಕೊಂಡವರು ಈ ಅಧ್ಯಾಯ ಹಾರಿಸಿರುತ್ತಾರೆ.

ಶೆಲಾಮೀಮ್, ಸಮಾಧಾನಯಜ್ಞ. ಇದು ಹಬ್ಬದೂಟ, ಸುಮ್ನೆ ಹೇಳುತ್ತಿಲ್ಲ. ಒಳಗಿನ ಕೊಬ್ಬು, ಮೂತ್ರಪಿಂಡ ವೇದಿಗೆ. ಎದೆಯ ಭಾಗ, ಬಲತೊಡೆ ಯಾಜಕರಿಗೆ. ಮಿಕ್ಕಿದ್ದು ತಂದವರ ಮನೆಯವರಿಗೆ, ನೆಂಟರಿಗೆ. ಕೃತಜ್ಞತೆಗಾದರೆ ಅದೇ ದಿನ ತಿಂದು ಮುಗಿಸಬೇಕು, ಹರಕೆಯದ್ದಾದರೆ ಮರುದಿನದವರೆಗೆ. ಒಂದಿಡೀ ಕುರಿಯನ್ನು ಒಂದೇ ದಿನದಲ್ಲಿ ಮುಗಿಸಬೇಕಾದರೆ ನಾಲ್ಕು ಜನರನ್ನು ಕರೆಯಲೇಬೇಕು, ಅಲ್ವಾ? ಹರಕೆ ಕುರಿಯ ಊಟ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಶಾಮ್, ಪ್ರಾಯಶ್ಚಿತ್ತಯಜ್ಞ. ದೇವರ ಸೊತ್ತಿಗೆ ನಷ್ಟ ಮಾಡಿದಾಗ, ಅಥವಾ ಸುಳ್ಳು ಆಣೆ ಇಟ್ಟು ನೆರೆಯವನಿಗೆ ಮೋಸ ಮಾಡಿದಾಗ. ಟಗರು ತರುವುದು ಇದೆ, ಆದರೆ ಅದಕ್ಕೆ ಮೊದಲು ಕಸಿದದ್ದನ್ನು ವಾಪಸು ಕೊಟ್ಟು ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಬರೀ ಪೂಜೆ ಮಾಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಐದನೆಯದು ಖಟ್ಟಾತ್. ಎಲ್ಲ ಗೊಂದಲದ ತಾಯಿ ಇದೇ, ಹಾಗಾಗಿ ಅದಕ್ಕೊಂದು ಹಂತ.

ಹಂತ 5: ಖಟ್ಟಾತ್‌ನ ರಕ್ತದ ಹಿಂದೆ ಹೋಗಿ

ಇದನ್ನು "ಪಾಪದ ಬಲಿ" ಅಂತ ಓದಿದ ಕೂಡಲೇ ಬಾಣಂತಿಯ ಪ್ರಶ್ನೆ ಏಳುತ್ತದೆ. 12ನೇ ಅಧ್ಯಾಯದಲ್ಲಿ ಅವಳೂ ಖಟ್ಟಾತ್ ತರುತ್ತಾಳೆ. ಅರಣ್ಯಕಾಂಡ 6ರಲ್ಲಿ ವ್ರತವನ್ನು ಸರಿಯಾಗಿ ಮುಗಿಸಿದ ನಾಜೀರನೂ (ದೇವರಿಗೆ ಹರಕೆ ಹೊತ್ತು ವ್ರತ ಹಿಡಿದವನು) ತರುತ್ತಾನೆ. ಯಾಜಕಕಾಂಡದ 8ನೇ ಅಧ್ಯಾಯದಲ್ಲಿ ಹೊಸ ವೇದಿಗೇ ಖಟ್ಟಾತ್ ಮಾಡುತ್ತಾರೆ. ಕಲ್ಲಿನ ವೇದಿಯೋ ಮರದ ವೇದಿಯೋ, ಅದು ಯಾವ ಪಾಪ ಮಾಡೀತು? ಈ ಮೂರು ಉದಾಹರಣೆ ಇಟ್ಟುಕೊಂಡೇ ಮಿಲ್‌ಗ್ರೋಮ್ ಇದನ್ನು "ಶುದ್ಧೀಕರಣದ ಅರ್ಪಣೆ" ಅನ್ನಬೇಕು ಅಂತ ವಾದಿಸಿದರು.

ಈಗ 4ನೇ ಅಧ್ಯಾಯ ನಿಧಾನವಾಗಿ ಓದಿ, ಗುಡಾರದ ನಕ್ಷೆಯೊಂದನ್ನು ಬರೆದುಕೊಂಡು. ಹೊರಗೆ ಅಂಗಳ, ಅಲ್ಲಿ ದೊಡ್ಡ ವೇದಿ. ಒಳಗೆ ಪವಿತ್ರಸ್ಥಾನ, ಅಲ್ಲಿ ಧೂಪದ ವೇದಿ. ತೆರೆಯ ಆಚೆ ಮಹಾಪವಿತ್ರಸ್ಥಾನ, ಅಲ್ಲಿ ಮಂಜೂಷ (ಪವಿತ್ರ ಪೆಟ್ಟಿಗೆ), ಅದರ ಮುಚ್ಚಳವೇ ಕೃಪಾಸನ. ಸಾಮಾನ್ಯನೊಬ್ಬ ತಿಳಿಯದೆ ತಪ್ಪು ಮಾಡಿದರೆ ರಕ್ತ ಹೊರವೇದಿಯ ಕೊಂಬುಗಳಿಗೆ. ಮಹಾಯಾಜಕನೋ ಇಡೀ ಜನಸಮೂಹವೋ ತಪ್ಪಿದರೆ ರಕ್ತ ಒಳಗೆ ಹೋಗುತ್ತದೆ, ತೆರೆಯ ಮುಂದೆ ಏಳು ಸಲ ಚಿಮುಕಿಸುತ್ತಾರೆ, ಧೂಪವೇದಿಯ ಕೊಂಬುಗಳಿಗೆ ಹಚ್ಚುತ್ತಾರೆ. (ಕೊಂಬು ಅಂದರೆ ವೇದಿಯ ನಾಲ್ಕು ಮೂಲೆಗಳಲ್ಲಿ ಮೇಲೆದ್ದ ಚೂಪು. ಇದು ಬರೀ ವರ್ಣನೆ ಅಲ್ಲ. ಬೇರ್ಷೆಬದ ದಿಬ್ಬದಲ್ಲಿ 1973ರಲ್ಲಿ ಅಂಥ ವೇದಿಯ ಕಲ್ಲುಗಳು ಸಿಕ್ಕವು, ಯಾರೋ ಅದನ್ನು ಕಿತ್ತು ಗೋಡೆಗೆ ಬಳಸಿದ್ದರು.)

ಒಂದು ವಿಷಯ ಗಮನಿಸಿದಿರಾ? ಖಟ್ಟಾತ್‌ನ ರಕ್ತವನ್ನು ತಂದ ಮನುಷ್ಯನ ಮೈಗೆ ಎಲ್ಲೂ ಹಚ್ಚುವುದಿಲ್ಲ. ಹಚ್ಚುವುದು ವೇದಿಗೆ, ಚಿಮುಕಿಸುವುದು ತೆರೆಯ ಮುಂದೆ. ಅಂದರೆ, ಮಿಲ್‌ಗ್ರೋಮ್ ಹೇಳುವಂತೆ, ತೊಳೆಯುತ್ತಿರುವುದು ಗುಡಾರವನ್ನು. ಮನುಷ್ಯ ಸ್ನಾನದಿಂದ, ಕಾಯುವುದರಿಂದ, ಪಶ್ಚಾತ್ತಾಪದಿಂದ ಸರಿಹೋಗುತ್ತಾನೆ. ಅವನ ಅಶುದ್ಧಿ, ಅವನ ತಪ್ಪು ದೂರದಿಂದಲೇ ದೇವರ ಮನೆಗೆ ಹೋಗಿ ಮೆತ್ತಿಕೊಂಡಿರುತ್ತದೆ, ಅದನ್ನು ಒರೆಸಲು ರಕ್ತ. ಈ ಕೆಲಸಕ್ಕೆ ಹೀಬ್ರೂವಿನಲ್ಲಿ ಬಳಸುವ ಕಿಪ್ಪೆರ್ (ಪ್ರಾಯಶ್ಚಿತ್ತ ಮಾಡು) ಅನ್ನುವ ಕ್ರಿಯಾಪದಕ್ಕೆ ಸಂಬಂಧಿಸಿದ, ಹಳೆಯ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಪದಕ್ಕೂ ಒರೆಸು ಅನ್ನುವ ಅರ್ಥ ಇದೆ. ರಕ್ತವೇ ಯಾಕೆ? 17ನೇ ಅಧ್ಯಾಯದ 11: ಪ್ರಾಣ ಇರುವುದು ರಕ್ತದಲ್ಲಿ. ಅದಕ್ಕೇ ತಿನ್ನಬಾರದು, ಅದಕ್ಕೇ ವೇದಿಗೆ. ಸಾವು ಮೆತ್ತಿದ ಜಾಗವನ್ನು ಜೀವದಿಂದ ತೊಳೆಯುವುದು.

ಎಲ್ಲರೂ ಮಿಲ್‌ಗ್ರೋಮ್ ಮಾತನ್ನು ಪೂರ್ತಿ ಒಪ್ಪಿಲ್ಲ. ಕಾರಣ ಇದೆ, ನೀವೇ ಪರೀಕ್ಷಿಸಬಹುದು. ಪ್ರತಿ ವಿಧಿಯ ಕೊನೆಯ ಮಾತು ನೋಡಿ. 4ನೇ ಅಧ್ಯಾಯದಲ್ಲಿ "ಅವನಿಗೆ ಕ್ಷಮೆಯಾಗುವುದು" ಅಂತ ಮುಗಿಯುತ್ತದೆ. 12ರಲ್ಲಿ "ಅವಳು ಶುದ್ಧಳಾಗುವಳು" ಅಂತ ಮುಗಿಯುತ್ತದೆ. ಬಾಣಂತಿಗೆ ಕ್ಷಮೆ ಅನ್ನುವ ಪದವೇ ಇಲ್ಲ, ಯಾಕೆಂದರೆ ಕ್ಷಮಿಸಲು ಏನೂ ಇಲ್ಲ. ಆದರೆ ಎರಡೂ ಕಡೆ ಮನುಷ್ಯನಿಗೂ ಏನೋ ಆಗುತ್ತದೆ, ಬರೀ ಕಟ್ಟಡಕ್ಕಲ್ಲ.

ಬಡವರ ಬಗ್ಗೆ ಒಂದು ಮಾತು. 5ನೇ ಅಧ್ಯಾಯದಲ್ಲಿ ಕುರಿ ಆಗದವನಿಗೆ ಎರಡು ಹಕ್ಕಿ, ಅದೂ ಆಗದವನಿಗೆ ಏಫದ ಹತ್ತನೇ ಒಂದು ಪಾಲು ಹಿಟ್ಟು, ಹೆಚ್ಚುಕಮ್ಮಿ 2 ಲೀಟರ್. "ರಕ್ತವಿಲ್ಲದೆ ಏನೂ ಆಗದು" ಅಂತ ಯಾರಾದರೂ ಹೇಳಿದರೆ ಈ 11ನೇ ವಚನ ತೋರಿಸಿ. ಲೂಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳ ಶುದ್ಧಿಗೆ ಅಂತ ಹೇಳುವುದು ಎರಡು ಹಕ್ಕಿ. ಯಾಜಕಕಾಂಡ 12 ಓದಿದವರಿಗೆ ಆ ಮನೆಯಲ್ಲಿ ಕುರಿಮರಿಗೆ ದುಡ್ಡಿರಲಿಲ್ಲ ಅನ್ನುವುದು ತಟ್ಟನೆ ಹೊಳೆಯುತ್ತದೆ.

ಹಂತ 6: 16ನೇ ಅಧ್ಯಾಯ, ವರ್ಷಕ್ಕೊಮ್ಮೆಯ ದೊಡ್ಡ ಕ್ಲೀನಿಂಗ್

ಏಳನೇ ತಿಂಗಳ ಹತ್ತನೇ ದಿನ, ಯೋಮ್ ಕಿಪ್ಪುರ್. ಮಹಾಯಾಜಕ ಮೆರುಗಿನ ಬಟ್ಟೆ ಬಿಟ್ಟು ಬರೀ ನಾರಿನ ಬಟ್ಟೆ ಉಟ್ಟು, ಧೂಪದ ಹೊಗೆಯ ಮರೆಯಲ್ಲಿ ತೆರೆಯ ಆಚೆ ಹೋಗುತ್ತಾನೆ. ತನ್ನ ಮನೆಗಾಗಿ ಹೋರಿಯ ರಕ್ತ, ಜನರಿಗಾಗಿ ಹೋತದ ರಕ್ತ. ಒಳಗಿನಿಂದ ಶುರುಮಾಡಿ ಹೊರಗೆ ಬರುತ್ತಾನೆ, ಮನೆ ಗುಡಿಸುವ ಹಾಗೆ. ಹಂತ 5ರ ನಕ್ಷೆಯಲ್ಲಿ ಬಾಣ ಗುರುತು ಹಾಕುತ್ತಾ ಹೋಗಿ.

ಹೋತ ಎರಡು ಇರುತ್ತವೆ, ಚೀಟಿ ಹಾಕುತ್ತಾರೆ. ಒಂದು ಯೆಹೋವನಿಗೆ, ಒಂದು ಅಜಾಜೇಲನಿಗೆ (ಈ ಹೆಸರಿನ ಅರ್ಥ ಖಚಿತವಿಲ್ಲ, ಅಡವಿಗೆ ಸೇರಿದ್ದು ಅನ್ನುವುದಷ್ಟೇ ಪಠ್ಯದಿಂದ ಗೊತ್ತಾಗುತ್ತದೆ). ಇಲ್ಲಿ ದೊಡ್ಡ ತಪ್ಪು ಆಗುತ್ತದೆ, ಎಚ್ಚರ. ಮಹಾಯಾಜಕ ಎರಡೂ ಕೈ ಇಟ್ಟು ಜನರ ಪಾಪಗಳನ್ನೆಲ್ಲ ಹೇಳಿ ಹೊರಿಸುವುದು ಬದುಕಿರುವ ಹೋತದ ಮೇಲೆ. ಅದನ್ನು ಕೊಯ್ಯುವುದಿಲ್ಲ, ಬಲಿ ಕೊಡುವುದಿಲ್ಲ, ಅಡವಿಗೆ ಅಟ್ಟುತ್ತಾರೆ. ಪಾಪ ಹೊತ್ತದ್ದನ್ನು ವೇದಿಯ ಹತ್ತಿರ ತರುವುದಾದರೂ ಹೇಗೆ? ಕೊಯ್ದ ಹೋತದ ಮೇಲೆ ಪಾಪ ಹೊರಿಸಿದ ಮಾತೇ ಇಲ್ಲ. ಹಾಗಾಗಿ "ಪ್ರಾಣಿ ನಮ್ಮ ಬದಲಿಗೆ ಶಿಕ್ಷೆ ಅನುಭವಿಸಿತು" ಅನ್ನುವುದಕ್ಕೆ ಈ ಅಧ್ಯಾಯದಲ್ಲಿ ನೇರವಾದ ಆಧಾರ ಸಿಗುವುದಿಲ್ಲ. ಆ ಅರ್ಥವನ್ನು ಮುಂದೆ ಬಂದವರು ಕಟ್ಟಿಕೊಂಡಿರಬಹುದು, ಅದು ಬೇರೆ ಚರ್ಚೆ.

ಬೇಕೆಂದೇ ಕೈಯೆತ್ತಿ ಮಾಡಿದ ತಪ್ಪಿಗೆ ಅರಣ್ಯಕಾಂಡ 15 ಯಾವ ಬಲಿಯನ್ನೂ ಹೇಳುವುದಿಲ್ಲ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಹಂತ 7: ಪ್ರವಾದಿಗಳನ್ನು ಕೊನೆಗೆ ಓದಿ

ಆಮೋಸ 5, ಹೋಶೇಯ 6, ಯೆಶಾಯ 1, ಮೀಕ 6. ನಿಮ್ಮ ಹಬ್ಬ ಬೇಡ, ನ್ಯಾಯ ಹರಿಯಲಿ ಅನ್ನುವ ಮಾತುಗಳು. ಇವರು ಬಲಿಯನ್ನೇ ತೆಗೆದುಹಾಕಿದರು ಅಂತ ಅವಸರದಲ್ಲಿ ಬರೆದುಕೊಳ್ಳಬೇಡಿ. ಆಶಾಮ್ ಓದಿದ ಮೇಲೆ ಇವರ ಸಿಟ್ಟು ಅರ್ಥವಾಗುತ್ತದೆ: ಕಸಿದದ್ದನ್ನು ವಾಪಸು ಕೊಡದೆ ಟಗರು ಮಾತ್ರ ತಂದವರ ಮೇಲಿನ ಸಿಟ್ಟು ಅದು.

ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯ ಕೆಡವಿದ ಮೇಲೆ ಯಹೂದಿಗಳಲ್ಲಿ ಬಲಿ ನಿಂತಿತು, ಪ್ರಾರ್ಥನೆ ಆ ಜಾಗಕ್ಕೆ ಬಂತು. ಯಹೂದಿಗಳಿಗೆ ಹತ್ತಿರದ ಇನ್ನೊಂದು ಸಮುದಾಯವಾದ ಸಮಾರ್ಯದವರು ಮಾತ್ರ ಗೆರಿಜೀಮ್ ಬೆಟ್ಟದಲ್ಲಿ ಇವತ್ತಿಗೂ ಪಸ್ಕ ಹಬ್ಬದ ಕುರಿ ಕೊಯ್ಯುತ್ತಾರೆ.

ಕೊನೆಗೊಂದು ಪರೀಕ್ಷೆ

ಅರಣ್ಯಕಾಂಡ 19ಕ್ಕೆ ವಾಪಸು ಹೋಗಿ. ಕೆಂಪು ಹಸುವಿನ ಬೂದಿಯ ನೀರು ಹೆಣ ಮುಟ್ಟಿದವನನ್ನು ಶುದ್ಧ ಮಾಡುತ್ತದೆ. ಅದೇ ನೀರು ಚಿಮುಕಿಸಿದವನು ಬಟ್ಟೆ ಒಗೆಯಬೇಕು, ಅದನ್ನು ಮುಟ್ಟಿದವನು ಸಾಯಂಕಾಲದವರೆಗೆ ಅಶುದ್ಧ. ಶತಮಾನಗಳಿಂದ ಇದು ಒಗಟು. 9ನೇ ವಚನದಲ್ಲಿ ಆ ಬೂದಿಗೆ ಹೀಬ್ರೂವಿನಲ್ಲಿ ಏನು ಹೆಸರಿದೆ ಅಂದರೆ ಖಟ್ಟಾತ್. ಈಗ ಹಂತ 5 ನೆನಪಿಸಿಕೊಂಡು ಉತ್ತರ ನೀವೇ ಬರೆಯಿರಿ. ಹೊಳೆಯದಿದ್ದರೆ, ಯಾಜಕಕಾಂಡ 16ರ 26 ಮತ್ತು 28ನೇ ವಚನ ನೋಡಿ. ಹೋತವನ್ನು ಅಡವಿಗೆ ಬಿಟ್ಟು ಬಂದವನೂ, ಖಟ್ಟಾತ್‌ನ ದೇಹಗಳನ್ನು ಪಾಳೆಯದ ಹೊರಗೆ ಸುಟ್ಟು ಬಂದವನೂ ಬಟ್ಟೆ ಒಗೆದು ಸ್ನಾನ ಮಾಡಿಯೇ ಒಳಗೆ ಬರಬೇಕು. ನೆಲ ಒರೆಸಿದ ಬಟ್ಟೆಯನ್ನು ಹಿಡಿದವರ ಕೈಯ ಕಥೆಯೇ ಅದು.